ಆಡಿದ ಆದೇಶ, ಬರೆದ ಆದೇಶ: ಯಂತ್ರಪರೀಕ್ಷೆಯ ತಂತ್ರಾಂಶದಲ್ಲಿ ಬ್ಯಾಚ್ ಕಡತ

ಪೀಠಿಕೆ

ಕನ್ನಡ ಮತ್ತು ಗಣಕ ಎಂಬ ವಿಷಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿ, ಯುನಿಕೋಡ್ ಮುಂತಾದ ವಿಚಾರಗಳು ಪರಿಚಿತವಾಗಿವೆ. ಇವೆಲ್ಲವೂ ಗಣಕದ ತೆರೆಯ ಮೇಲೆ ಕನ್ನಡವನ್ನು ಮೂಡಿಸುವ ಬಗೆಗೆ ಸಂಬಂಧಿಸಿದವು. ಮನುಷ್ಯನು ಗಣಕಕ್ಕೆ ಕೊಡುವ ಆದೇಶದ ಭಾಷೆಯನ್ನೂ, ಗಣಕವು ಮನುಷ್ಯನಿಗೆ ಒಪ್ಪಿಸುವ ವರದಿಯ ಭಾಷೆಯನ್ನೂ ವ್ಯಾಕರಣದ ದೃಷ್ಟಿಯಿಂದ ನೋಡುವುದು ಇದಕ್ಕಿಂತ ಭಿನ್ನವಾದ ಅಭ್ಯಾಸ. ಪ್ರಸ್ತುತ ಪಾಠವು ಅಂಥ ಒಂದು ಪ್ರಯತ್ನ.

ಪಾಠಕ್ಕೆ ಆರಿಸಿಕೊಂಡಿರುವ ಸಂದರ್ಭ ಸರಳವಾದುದು. ಗಣಕದ ಬಿಡಿಭಾಗಗಳನ್ನು ಪರೀಕ್ಷಿಸುವ ಒಂದು ತಂತ್ರಾಂಶವಿದೆ ಎಂದಿಟ್ಟುಕೊಳ್ಳಬಹುದು. ಅದಕ್ಕೆ ಕೀಲಿಮಣೆಯಿಂದ ಒಂದು ಸಲಕ್ಕೆ ಒಂದು ಆದೇಶವನ್ನು ಕೊಡಬೇಕು. ಯಂತ್ರಗಳ ಸಂಖ್ಯೆ ಹೆಚ್ಚಿದಾಗ ಈ ಕೆಲಸ ಬೇಸರ ತರುತ್ತದೆ. ಬೇಸರದಿಂದ ತಪ್ಪು ನುಸುಳುತ್ತದೆ. ಆಗ ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು, ಆ ಕಡತವನ್ನೇ ತಂತ್ರಾಂಶಕ್ಕೆ ಒಪ್ಪಿಸುವ ಸೌಕರ್ಯವನ್ನು ಸೇರಿಸಲಾಗುತ್ತದೆ. ಮೇಲುನೋಟಕ್ಕೆ ಇದು ಸಾಲುಗಳನ್ನು ಒಂದರ ನಂತರ ಒಂದರಂತೆ ಓದಿಸುವ ಅಲ್ಪ ಕಾರ್ಯ. ಆದರೆ ಆದೇಶವು ಬೆರಳ ತುದಿಯನ್ನು ಬಿಟ್ಟು ಬರಹಕ್ಕೆ ಸೇರಿದಾಗ, ಯಂತ್ರದ ಎದುರು ಕುಳಿತಿದ್ದವನು ತನಗರಿವಿಲ್ಲದೆಯೇ ಮಾಡುತ್ತಿದ್ದ ಹಲವು ಕೆಲಸಗಳಿಗೆ ವಾರಸುದಾರರಿಲ್ಲವಾಗುತ್ತದೆ. ಅವನು ನೋಡುತ್ತಿದ್ದ, ಅನುಮಾನಿಸುತ್ತಿದ್ದ, ನಿಲ್ಲಿಸುತ್ತಿದ್ದ, ನೆನಪಿಟ್ಟುಕೊಳ್ಳುತ್ತಿದ್ದ. ಈ ನಾಲ್ಕು ಕೆಲಸಗಳನ್ನು ಇನ್ನು ಮುಂದೆ ಬರಹವೇ ಮಾಡಬೇಕು. ಮೌಖಿಕ ಭಾಷೆ ಲಿಖಿತ ಭಾಷೆಯಾಗುವಾಗ ಏನೇನು ಕಳೆದುಹೋಗುತ್ತದೆ, ಅದನ್ನು ಯಾವ ರೂಪದಲ್ಲಿ ಮರಳಿ ಕಟ್ಟಿಕೊಳ್ಳಬೇಕಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಕೆಲವು ಪದಗಳು, ಸ್ವಲ್ಪ ಇತಿಹಾಸ

ಯಂತ್ರಾಂಶವೆಂದರೆ ಗಣಕದ ಭೌತಿಕ ಭಾಗಗಳು: ಪ್ರೊಸೆಸರ್, ಸ್ಮೃತಿ ಅಥವಾ ಮೆಮೊರಿ, ಡಿಸ್ಕ್, ವಿದ್ಯುತ್ ಪೂರೈಕೆಯ ಘಟಕ, ತಂಪುಕಾರಕ ಫ್ಯಾನ್. ಕಮಾಂಡ್ ಲೈನ್ ಎಂದರೆ ಚಿತ್ರ, ಗುಂಡಿಗಳ ನೆರವಿಲ್ಲದೆ ಪದಗಳನ್ನು ಟೈಪಿಸಿ ಆದೇಶ ಕೊಡುವ ಸಾಲು. ಆದೇಶದ ಹೆಸರಿನ ಜೊತೆಗೆ ಬಂದು ಅದರ ಅರ್ಥವನ್ನು ನಿಯಂತ್ರಿಸುವ ಪದಗಳಿಗೆ ಆಯ್ಕೆಗಳೆಂದು ಹೆಸರು. ವಾಕ್ಯದಲ್ಲಿ ಕ್ರಿಯಾವಿಶೇಷಣ ಮಾಡುವ ಕೆಲಸವನ್ನು ಇವು ಮಾಡುತ್ತವೆ: ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ, ಯಾವ ರೀತಿಯಲ್ಲಿ ಎಂಬುದನ್ನು ತಿಳಿಸುತ್ತವೆ.

ಬ್ಯಾಚ್ ಎಂಬ ಇಂಗ್ಲಿಷ್ ಪದ ರೊಟ್ಟಿ ಬೇಯಿಸುವ ಕ್ರಿಯೆಗೆ ಸಂಬಂಧಿಸಿದ ಧಾತುವಿನಿಂದ ಬಂದುದು. ಒಂದು ಸಲಕ್ಕೆ ಒಲೆಗೆ ಹಾಕಿದಷ್ಟು ಎಂಬುದು ಅದರ ಮೂಲಾರ್ಥ. 1950ರ ದಶಕದ ದೊಡ್ಡ ಗಣಕಗಳಲ್ಲಿ ರಂಧ್ರಪತ್ರಗಳ ಕಟ್ಟನ್ನು ಯಂತ್ರಕ್ಕೆ ಒಪ್ಪಿಸಿ, ಫಲಿತಾಂಶಕ್ಕಾಗಿ ಕಾಯಬೇಕಾಗಿತ್ತು. ಒಬ್ಬರ ಕೆಲಸ ಮುಗಿದೊಡನೆ ಮತ್ತೊಬ್ಬರದು ತಾನಾಗಿ ಆರಂಭವಾಗುವಂತೆ ಕಟ್ಟುಗಳನ್ನು ಜೋಡಿಸುವ ಪದ್ಧತಿಗೆ ಬ್ಯಾಚ್ ಪ್ರಕ್ರಿಯೆ ಎಂಬ ಹೆಸರು ಬಂತು. 1960ರ ದಶಕದಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಿಟಿಎಸ್ಎಸ್ ವ್ಯವಸ್ಥೆಗಾಗಿ ಲೂಯಿ ಪೂಜಾನ್ ಅವರು ರನ್‌ಕಾಮ್ ಎಂಬ ಸೌಕರ್ಯವನ್ನು ರೂಪಿಸಿದರು. ಕಡತದಲ್ಲಿ ಬರೆದಿಟ್ಟ ಆದೇಶಗಳನ್ನು ಅದು ಸಾಲಾಗಿ ನಡೆಸುತ್ತಿತ್ತು. ಯುನಿಕ್ಸ್ ಕುಟುಂಬದ ಗಣಕಗಳಲ್ಲಿ ಇಂದಿಗೂ ಅನೇಕ ಕಡತಗಳ ಹೆಸರಿನ ಕೊನೆಗೆ ಕಾಣುವ ಆರ್‌ಸಿ ಎಂಬ ಎರಡು ಅಕ್ಷರಗಳು ಆ ಹೆಸರಿನ ಪಳೆಯುಳಿಕೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಡಾಸ್ ವ್ಯವಸ್ಥೆಯ ಮೂಲಕ ಬ್ಯಾಟ್ ಎಂಬ ಬಾಲವುಳ್ಳ ಕಡತಗಳು ಸಾಮಾನ್ಯ ಬಳಕೆದಾರರಿಗೂ ಪರಿಚಯವಾದವು.

ಉದಾಹರಣೆಯ ತಂತ್ರಾಂಶ

ಈ ಪಾಠದಲ್ಲಿ ಮುಖ್ಯ ಉದಾಹರಣೆಯಾಗಿ ಸ್ಟ್ರೆಸ್-ಎನ್‌ಜಿ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳಲಾಗಿದೆ. ಆಮೊಸ್ ವಾಟರ್‌ಲ್ಯಾಂಡ್ ಅವರ ಸ್ಟ್ರೆಸ್ ಎಂಬ ಸಣ್ಣ ಉಪಕರಣದ ಮಾದರಿಯಲ್ಲಿ, ಅದನ್ನು ಬಹಳವಾಗಿ ವಿಸ್ತರಿಸಿ ಕಾಲಿನ್ ಇಯನ್ ಕಿಂಗ್ ಅವರು ಇದನ್ನು ಬರೆದಿದ್ದಾರೆ. ಲಿನಕ್ಸ್ ಗಣಕಗಳಲ್ಲಿ ಇದರ ಬಳಕೆ ವ್ಯಾಪಕ. ಗಣಕವನ್ನು ಬೇಕೆಂದೇ ಕಠಿಣವಾಗಿ ದುಡಿಸಿ, ಸಾಮಾನ್ಯ ಬಳಕೆಯಲ್ಲಿ ತಲೆದೋರದ ದೋಷಗಳನ್ನು ಹೊರಗೆಡಹುವುದು ಇದರ ಉದ್ದೇಶ. ಅತಿಯಾಗಿ ಕಾಯುವ ಪ್ರೊಸೆಸರ್, ಬರೆದುದನ್ನು ಸರಿಯಾಗಿ ಹಿಂತಿರುಗಿಸದ ಸ್ಮೃತಿ, ಒತ್ತಡದಲ್ಲಿ ಮಾತ್ರ ಎಡವುವ ಕಾರ್ಯವ್ಯವಸ್ಥೆ ಇವೆಲ್ಲ ಅದರ ಬಲೆಗೆ ಬೀಳುತ್ತವೆ. ಒಂದೊಂದು ಭಾಗವನ್ನು ದುಡಿಸುವ ಘಟಕಕ್ಕೆ ಅಲ್ಲಿ ಸ್ಟ್ರೆಸರ್ ಎಂದು ಹೆಸರು.

ಇದರ ಆಯ್ಕೆಗಳನ್ನು ಪೂರ್ಣ ರೂಪದಲ್ಲಿ ಕಮಾಂಡ್ ಲೈನಿನಲ್ಲಿ ಬರೆಯುವಾಗ ಪ್ರತಿಯೊಂದರ ಹಿಂದೆ ಎರಡು ಅಡ್ಡಗೆರೆಗಳನ್ನು ಹಾಕಬೇಕು. ಜಾಬ್ ಕಡತವೆಂದು ಕರೆಯಲಾಗುವ ಇದರ ಬ್ಯಾಚ್ ಕಡತದಲ್ಲಿ ಅದೇ ಆಯ್ಕೆಗಳನ್ನು ಅಡ್ಡಗೆರೆಗಳಿಲ್ಲದೆ, ಸಾಲಿಗೆ ಒಂದರಂತೆ ಬರೆಯಲಾಗುತ್ತದೆ. ಒಂದು ಸರಳ ಕಡತ ಹೀಗಿರಬಹುದು (ನಿಜವಾದ ಕಡತದಲ್ಲಿ ಇವು ರೋಮನ್ ಲಿಪಿಯಲ್ಲಿರುತ್ತವೆ, ಇಲ್ಲಿ ಕೊಟ್ಟಿರುವುದು ಉಚ್ಚಾರಣೆ):

ರನ್ ಸೀಕ್ವೆನ್ಷಿಯಲ್
ಟೈಮ್‌ಔಟ್ 60ಎಸ್
ವೆರಿಫೈ
ವಿಎಂ 2
ಸಿಪಿಯು 4

ಇದರ ತಾತ್ಪರ್ಯ: ಪರೀಕ್ಷೆಗಳನ್ನು ಒಂದಾದ ಮೇಲೆ ಒಂದರಂತೆ ನಡೆಸು, ಪ್ರತಿಯೊಂದಕ್ಕೂ 60 ಸೆಕೆಂಡು ಕೊಡು, ಫಲಿತಾಂಶವನ್ನು ತಾಳೆ ನೋಡು, ಸ್ಮೃತಿಯನ್ನು ದುಡಿಸುವ ಎರಡು ಸ್ಟ್ರೆಸರ್‌ಗಳನ್ನು, ಪ್ರೊಸೆಸರನ್ನು ದುಡಿಸುವ ನಾಲ್ಕು ಸ್ಟ್ರೆಸರ್‌ಗಳನ್ನು ಹೂಡು.

ಇಲ್ಲಿ ಮೊದಲು ಗಮನಿಸಬೇಕಾದ ಅಂಶ, ಕಡತಕ್ಕಾಗಿ ಹೊಸ ಭಾಷೆಯೊಂದನ್ನು ಸೃಷ್ಟಿಸದಿರುವುದು. ಕಮಾಂಡ್ ಲೈನಿನಲ್ಲಿ ಯಾವ ಪದಕ್ಕೆ ಯಾವ ಅರ್ಥವೋ ಕಡತದಲ್ಲಿಯೂ ಅದೇ ಅರ್ಥ. ತಂತ್ರಾಂಶಕ್ಕೆ ಈ ಸೌಕರ್ಯವನ್ನು ಸೇರಿಸುವವರು ಕಡತದ ಸಾಲಿಗೆ ಅಡ್ಡಗೆರೆಗಳನ್ನು ಮರಳಿ ಜೋಡಿಸಿ, ಮೊದಲಿನಿಂದ ಇರುವ ಆಯ್ಕೆ-ವಾಚಕಕ್ಕೇ ಅದನ್ನು ಒಪ್ಪಿಸಬಹುದು. ಹಾಗಲ್ಲದೆ ಎರಡನೆಯ ವಾಚಕವನ್ನು ಬೇರೆಯಾಗಿ ಬರೆದರೆ, ಕಾಲಕ್ರಮದಲ್ಲಿ ಆಡುವ ಭಾಷೆಗೂ ಬರೆಯುವ ಭಾಷೆಗೂ ಅಂತರ ಬೆಳೆಯುತ್ತದೆ. ಒಂದೇ ಪದ ಎರಡು ಕಡೆ ಎರಡು ಅರ್ಥ ಕೊಡತೊಡಗುತ್ತದೆ. ಭಾಷೆಯ ಚರಿತ್ರೆಯಲ್ಲಿ ಸಹಜವಾದ ಈ ಅಂತರ ಪರೀಕ್ಷಾ ಉಪಕರಣದಲ್ಲಿ ದೋಷವಾಗುತ್ತದೆ.

ಪೂರ್ತಿ ಓದಿ, ಆಮೇಲೆ ನಡೆಸುವುದು

ಬ್ಯಾಚ್ ಕಡತವನ್ನು ಓದುವ ಕ್ರಮ ಹೀಗೆ: ಒಂದು ಸಾಲನ್ನು ತೆಗೆದುಕೊಳ್ಳುವುದು, ಟಿಪ್ಪಣಿಯ ಭಾಗವಿದ್ದರೆ ಬಿಡುವುದು, ಆದಿ ಅಂತ್ಯಗಳ ಖಾಲಿ ಜಾಗವನ್ನು ತೆಗೆಯುವುದು, ಉಳಿದುದನ್ನು ಪದಗಳಾಗಿ ಬಿಡಿಸುವುದು, ಮೊದಲ ಪದ ಪರಿಚಿತ ಆಯ್ಕೆಯೇ ಎಂದು ನೋಡುವುದು, ಅದರ ಮೌಲ್ಯ ಸರಿಯಾದ ರೂಪದಲ್ಲಿದೆಯೇ ಎಂದು ಪರೀಕ್ಷಿಸುವುದು. ಇಷ್ಟಾದ ಮೇಲೆ ಆ ಸಾಲನ್ನು ಒಡನೆಯೇ ನಡೆಸಬೇಕೇ, ಕಡತದ ಕೊನೆಯವರೆಗೆ ಓದಿ ಆಮೇಲೆ ನಡೆಸಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಕನ್ನಡ ವಾಕ್ಯರಚನೆ ಬಲ್ಲವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ನಿಷೇಧ ಅದಕ್ಕಿಂತಲೂ ಕೊನೆಗೆ. 'ಈ ಡಿಸ್ಕಿನ ಮೇಲೆ ಏನನ್ನೂ ಬರೆಯ' ಎಂಬಷ್ಟನ್ನೇ ಕೇಳಿ ಕೆಲಸಕ್ಕೆ ತೊಡಗುವವನು, ಹಿಂದೆಯೇ ಬರುವ 'ಬೇಡ' ಎಂಬುದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಅನಾಹುತ ಮಾಡಿರುತ್ತಾನೆ. ಹತ್ತು ಸಾಲಿನ ಕಡತದಲ್ಲಿ ಒಂಬತ್ತನೆಯ ಸಾಲು ತಪ್ಪಾಗಿದ್ದರೆ, ಮೊದಲ ಎಂಟು ಪರೀಕ್ಷೆಗಳು ಗಂಟೆಗಟ್ಟಲೆ ನಡೆದ ಮೇಲೆ ಅದು ತಿಳಿಯುವುದಕ್ಕಿಂತ, ಒಂದೂ ಆರಂಭವಾಗುವ ಮುನ್ನ ತಿಳಿಯುವುದು ಲೇಸು. ಆದ್ದರಿಂದ ಓದುವ ಹಂತವನ್ನೂ ನಡೆಸುವ ಹಂತವನ್ನೂ ಬೇರ್ಪಡಿಸುವುದು ಒಳ್ಳೆಯ ವಿನ್ಯಾಸದ ಮೊದಲ ಲಕ್ಷಣ. ತಪ್ಪನ್ನು ತಿಳಿಸುವಾಗ ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳಬೇಕು. ಕೈಯಾರೆ ಟೈಪಿಸಿದವನಿಗೆ ತಾನು ಈಗ ತಾನೇ ಬರೆದ ಸಾಲು ಕಣ್ಣೆದುರಿಗಿರುತ್ತದೆ. ಕಡತವನ್ನು ಓದಿಸಿದವನಿಗೆ ಇರುವುದಿಲ್ಲ.

'ಮಾಡಿ' ಮತ್ತು 'ಮಾಡುತ್ತ'

ಮೇಲಿನ ಉದಾಹರಣೆಯಲ್ಲಿ ಮೊದಲ ಸಾಲು ಕಮಾಂಡ್ ಲೈನಿನ ಆಯ್ಕೆಯಲ್ಲ. ಜಾಬ್ ಕಡತಕ್ಕೆಂದೇ ಸೇರಿಸಿದ ಆದೇಶ. ರನ್ ಸೀಕ್ವೆನ್ಷಿಯಲ್ ಎಂದರೆ ಪರೀಕ್ಷೆಗಳು ಒಂದಾದ ಮೇಲೆ ಒಂದು. ರನ್ ಪ್ಯಾರಲಲ್ ಎಂದರೆ ಎಲ್ಲವೂ ಒಟ್ಟಿಗೆ. ಏನನ್ನೂ ಹೇಳದಿದ್ದರೆ ಒಟ್ಟಿಗೆ ಎಂಬುದೇ ಅಲ್ಲಿನ ರೂಢಿ. ಜೆನ್ಸ್ ಆಕ್ಸ್‌ಬೊ ಅವರು ಬರೆದ, ಡಿಸ್ಕುಗಳ ವೇಗ ಮತ್ತು ವರ್ತನೆಯನ್ನು ಅಳೆಯುವ ಫಿಯೊ ಎಂಬ ಉಪಕರಣದ ಜಾಬ್ ಕಡತದಲ್ಲಿಯೂ ರೂಢಿ ಇದೇ. ಹಿಂದಿನವು ಮುಗಿಯುವವರೆಗೆ ಕಾಯಬೇಕೆಂದರೆ ಸ್ಟೋನ್‌ವಾಲ್, ಅಂದರೆ ಕಲ್ಲುಗೋಡೆ, ಎಂಬ ಪದವನ್ನು ಅಲ್ಲಿ ಬರೆಯಬೇಕು.

ಕನ್ನಡದ ಕೃದಂತಾವ್ಯಯಗಳು ಈ ಭೇದವನ್ನು ಒಂದೇ ಪ್ರತ್ಯಯದಿಂದ ತೋರಿಸುತ್ತವೆ. 'ಸ್ಮೃತಿಯನ್ನು ಪರೀಕ್ಷಿಸಿ ಪ್ರೊಸೆಸರನ್ನು ದುಡಿಸು' ಎಂಬಲ್ಲಿ ಒಂದು ಕ್ರಿಯೆ ಮುಗಿದ ಮೇಲೆ ಇನ್ನೊಂದು. 'ಸ್ಮೃತಿಯನ್ನು ಪರೀಕ್ಷಿಸುತ್ತ ಪ್ರೊಸೆಸರನ್ನು ದುಡಿಸು' ಎಂಬಲ್ಲಿ ಎರಡೂ ಏಕಕಾಲಕ್ಕೆ. ಯಂತ್ರಪರೀಕ್ಷೆಯಲ್ಲಿ ಈ ಎರಡು ವಾಕ್ಯಗಳು ಬೇರೆ ಬೇರೆ ದೋಷಗಳನ್ನು ಹೊರತರುತ್ತವೆ. ಒಂದೊಂದಾಗಿ ನಡೆಸಿದಾಗ ಯಾವ ಭಾಗ ಕೆಟ್ಟಿದೆ ಎಂಬುದು ಸ್ಪಷ್ಟವಾಗುತ್ತದೆ. ಒಟ್ಟಿಗೆ ನಡೆಸಿದಾಗ ವಿದ್ಯುತ್ ಪೂರೈಕೆಯ ಮೇಲೂ ಫ್ಯಾನಿನ ಮೇಲೂ ಎಲ್ಲ ಭಾಗಗಳ ಹೊರೆ ಒಮ್ಮೆಲೇ ಬೀಳುತ್ತದೆ. ಬಿಡಿಬಿಡಿಯಾಗಿ ಗೆದ್ದ ಭಾಗಗಳು ಕೂಡಿದಾಗ ಸೋಲಬಹುದು. ಕಾಲದಲ್ಲಿಯೂ ವ್ಯತ್ಯಾಸವಿದೆ: ಮೇಲಿನ ಕಡತ ಒಂದೊಂದಾಗಿ ನಡೆದರೆ ಸುಮಾರು 120 ಸೆಕೆಂಡು, ಒಟ್ಟಿಗೆ ನಡೆದರೆ ಸುಮಾರು 60 ಸೆಕೆಂಡು. ಹೀಗಾಗಿ ಬ್ಯಾಚ್ ಕಡತದಲ್ಲಿ ಕ್ರಮವನ್ನು ರೂಢಿಗೆ ಬಿಡದೆ ಸ್ಪಷ್ಟವಾಗಿ ಬರೆಯುವುದು ಮುಂದಿನ ಓದುಗನಿಗೆ ಮಾಡುವ ಉಪಕಾರ.

ಸರ್ವನಾಮದ ಅಪಾಯ

ಎದುರುಬದುರು ಕುಳಿತು ಮಾತನಾಡುವವರು 'ಇದು', 'ಅದು', 'ಅಲ್ಲಿಯದು' ಎಂಬ ನಿರ್ದೇಶಾತ್ಮಕ ಪದಗಳನ್ನು ಧಾರಾಳವಾಗಿ ಬಳಸುತ್ತಾರೆ. ಬೆರಳು ತೋರಿಸುವ ಕಡೆ ಅರ್ಥವಿರುತ್ತದೆ. ಅದೇ ಮಾತನ್ನು ಕಾಗದದಲ್ಲಿ ಬರೆದು ಬೇರೆ ಊರಿಗೆ ಕಳುಹಿಸಿದರೆ 'ಇದು' ಯಾವುದೆಂದು ತಿಳಿಯುವುದಿಲ್ಲ. ಅಲ್ಲಿ ಅಂಕಿತನಾಮ ಬೇಕಾಗುತ್ತದೆ.

ಲಿನಕ್ಸ್ ಗಣಕಗಳಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬಂತೆ ಹೆಸರುಗಳಿರುತ್ತವೆ. ಇವು ಹೆಸರುಗಳಂತೆ ತೋರಿದರೂ ಸ್ವಭಾವದಲ್ಲಿ ನಿರ್ದೇಶಾತ್ಮಕ ಸರ್ವನಾಮಗಳು: ಯಂತ್ರವನ್ನು ಹೊತ್ತಿಸಿದಾಗ ಮೊದಲು ಗುರುತಿಗೆ ಬಂದುದು 'ಎ', ಅನಂತರದ್ದು 'ಬಿ'. ಇಂದು ಎಸ್‌ಡಿಬಿ ಆಗಿದ್ದ ಡಿಸ್ಕ್ ನಾಳೆ ಎಸ್‌ಡಿಎ ಆಗಬಹುದು. ಕೈಯಾರೆ ಆದೇಶ ಕೊಡುವವನು ಎಂಟರ್ ಒತ್ತುವ ಮುನ್ನ ಡಿಸ್ಕುಗಳ ಪಟ್ಟಿಯನ್ನು ನೋಡಿಕೊಳ್ಳುತ್ತಾನೆ. ನಿನ್ನೆ ಬರೆದಿಟ್ಟ ಕಡತ ಹಾಗೆ ನೋಡುವುದಿಲ್ಲ. ಡಿಸ್ಕಿನ ಮೇಲೆ ನೇರವಾಗಿ ಬರೆದು ಪರೀಕ್ಷಿಸುವ ಆದೇಶವೊಂದು ಆ ಕಡತದಲ್ಲಿದ್ದರೆ, ಪರೀಕ್ಷೆಗೆಂದು ತಂದ ಖಾಲಿ ಡಿಸ್ಕಿನ ಬದಲು ಕಾಗದಪತ್ರ, ಛಾಯಾಚಿತ್ರ, ಅಂಕಪಟ್ಟಿಗಳಿರುವ ಡಿಸ್ಕ್ ಅಳಿಸಿಹೋದೀತು. ಅಳಿದುದು ಮರಳುವ ಭರವಸೆಯಿಲ್ಲ.

ಇದಕ್ಕೆ ಪರಿಹಾರವೂ ಭಾಷಿಕವಾದುದೇ. ಲಿನಕ್ಸ್ ಸಾಮಾನ್ಯವಾಗಿ ಡಿಸ್ಕಿಗೆ ಅದರ ತಯಾರಿಕೆಯ ಮಾದರಿ ಮತ್ತು ಕ್ರಮಸಂಖ್ಯೆಗಳಿಂದ ಕೂಡಿದ ಇನ್ನೊಂದು ಹೆಸರನ್ನೂ ಇಟ್ಟುಕೊಂಡಿರುತ್ತದೆ. ಅದು ಸ್ಥಾನವನ್ನು ಸೂಚಿಸದೆ ವಸ್ತುವನ್ನೇ ಸೂಚಿಸುತ್ತದೆ. ಬ್ಯಾಚ್ ಕಡತದಲ್ಲಿ ಅದನ್ನು ಬಳಸಬೇಕು. ಇದರ ಜೊತೆಗೆ ತಂತ್ರಾಂಶವೂ ತನ್ನ ಕಡೆಯಿಂದ ತಡೆ ಒಡ್ಡಬಹುದು. ಫಿಯೊದಲ್ಲಿ ಓದುವುದಕ್ಕೆ ಮಾತ್ರ ಅವಕಾಶ ಕೊಟ್ಟು ಬರೆಯುವುದನ್ನು ತಡೆಯುವ ಆಯ್ಕೆಯೊಂದಿದೆ. ಹೊಸದಾಗಿ ಬ್ಯಾಚ್ ಸೌಕರ್ಯ ಸೇರಿಸುವವರು ಅಪಾಯಕರ ಆದೇಶಗಳಿಗೆ ಕಡತದಲ್ಲಿ ಪ್ರತ್ಯೇಕ ಸಮ್ಮತಿಯ ಸಾಲನ್ನು ಕೇಳುವಂತೆ ಮಾಡಬಹುದು. ಎದುರಿಗಿದ್ದವನ 'ಹೌದಾ?' ಎಂಬ ಅನುಮಾನಕ್ಕೆ ಬರಹದಲ್ಲಿ ದೊರೆಯುವ ಸ್ಥಾನ ಅದು.

'ಕೆಟ್ಟರೆ' ಮತ್ತು 'ಕೆಟ್ಟರೂ'

ಹತ್ತು ಪರೀಕ್ಷೆಗಳ ಸಾಲಿನಲ್ಲಿ ಮೂರನೆಯದು ಸೋತರೆ ಮುಂದೇನು? ಎದುರಿಗಿದ್ದವನು ಸಂದರ್ಭ ನೋಡಿ ನಿರ್ಧರಿಸುತ್ತಿದ್ದ. ಕಡತ ಮೊದಲೇ ನಿರ್ಧರಿಸಿರಬೇಕು. ಕನ್ನಡದ ಪಕ್ಷಾರ್ಥಕ ರೂಪಗಳು ಈ ನಿರ್ಧಾರದ ಎರಡು ಬಗೆಗಳನ್ನು ಒಂದು ಸ್ವರದ ವ್ಯತ್ಯಾಸದಿಂದ ಹೇಳುತ್ತವೆ: 'ಕೆಟ್ಟರೆ ನಿಲ್ಲು', 'ಕೆಟ್ಟರೂ ಮುಂದುವರಿ'. ಸ್ಟ್ರೆಸ್-ಎನ್‌ಜಿಯಲ್ಲಿ ಅಬಾರ್ಟ್ ಎಂಬ ಆಯ್ಕೆಯನ್ನು ಕೊಟ್ಟರೆ, ಒಂದು ಸ್ಟ್ರೆಸರ್ ಸೋತು ಅವಧಿಗೆ ಮುನ್ನ ನಿಂತೊಡನೆ ಆಗ ನಡೆಯುತ್ತಿರುವ ಉಳಿದವನ್ನೂ ನಿಲ್ಲಿಸಲಾಗುತ್ತದೆ.

ಎರಡೂ ಸಾಧು, ಯಾವುದು ಯುಕ್ತವೆಂಬುದು ಉದ್ದೇಶವನ್ನು ಅವಲಂಬಿಸಿದೆ. ಹಳೆಯ ಗಣಕವೊಂದನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದು ತಿಳಿಯಬೇಕಾದಾಗ ಮೊದಲ ಸೋಲೇ ಸಾಕು, ನಿಲ್ಲಿಸಬಹುದು. ಯಾವ ಯಾವ ಭಾಗಗಳನ್ನು ಬದಲಿಸಬೇಕೆಂಬ ಪಟ್ಟಿ ಬೇಕಾದಾಗ ಕೊನೆಯವರೆಗೂ ಹೋಗಬೇಕು. ಆದರೆ ಕಾವು ಮಿತಿಮೀರಿದ ಯಂತ್ರವನ್ನು ಪಟ್ಟಿ ಪೂರ್ಣವಾಗಲೆಂದು ದುಡಿಸುತ್ತಲೇ ಇರುವುದು ವಿವೇಕವಲ್ಲ. ಸ್ಟ್ರೆಸ್-ಎನ್‌ಜಿಯ ಕೈಪಿಡಿಯೇ ಈ ಬಗ್ಗೆ ಎಚ್ಚರಿಸುತ್ತದೆ: ವಿನ್ಯಾಸ ಸರಿಯಿಲ್ಲದ ಯಂತ್ರ ಕಾದೀತು, ಅತಿಯಾದ ಹೊರೆಯನ್ನು ನಿಲ್ಲಿಸುವುದು ಕಷ್ಟವಾದೀತು ಎಂಬುದು ಅದರ ಸಾರ. ಕನ್ನಡದಲ್ಲಿ ಇಂಥ ಎಚ್ಚರಿಕೆಗೆ ಸಂಭಾವನಾರ್ಥಕ ರೂಪ ಹೇಳಿ ಮಾಡಿಸಿದಂತಿದೆ. 'ಕಾಯುತ್ತದೆ' ಎಂದರೆ ಹೆದರಿಸಿದಂತೆ. 'ಕಾಯುವುದಿಲ್ಲ' ಎಂದರೆ ಮೋಸಗೊಳಿಸಿದಂತೆ. 'ಕಾದೀತು' ಎಂಬುದು ಇದ್ದುದನ್ನು ಇದ್ದಷ್ಟೇ ಹೇಳುತ್ತದೆ.

'ಇಲ್ಲ' ಎಂಬುದರ ಬಗೆಗಳು

ಬ್ಯಾಚ್ ಪರೀಕ್ಷೆ ಹೆಚ್ಚಾಗಿ ಯಾರೂ ನೋಡದಿರುವಾಗ, ರಾತ್ರಿಯ ಹೊತ್ತಿನಲ್ಲಿ ನಡೆಯುತ್ತದೆ. ಬೆಳಗ್ಗೆ ಬಂದವನ ಕೈಗೆ ಸಿಗುವುದು ವರದಿ ಮಾತ್ರ. ಆದ್ದರಿಂದ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ ವರದಿಯ ಭಾಷೆಯಲ್ಲಿ ಅಡಗಿದೆ.

ಗಡಿಯ ಕನ್ನಡ ಶಾಲೆಯೊಂದಕ್ಕೆ ಇಪ್ಪತ್ತು ಹಳೆಯ ಗಣಕಗಳು ದಾನವಾಗಿ ಬಂದಿವೆ ಎಂದು ಭಾವಿಸಬಹುದು. ಒಂದೇ ಬ್ಯಾಚ್ ಕಡತವನ್ನು ಇಪ್ಪತ್ತರಲ್ಲಿಯೂ ನಡೆಸಲಾಗಿದೆ. ಒಂದು ಗಣಕದಲ್ಲಿ ಸ್ಮೃತಿ ಸಾಲದೆ ಸ್ಮೃತಿಪರೀಕ್ಷೆ ಆರಂಭವೇ ಆಗಲಿಲ್ಲ. ವರದಿಯಲ್ಲಿ ಗೆಲುವು, ಸೋಲು ಎಂಬ ಎರಡೇ ಕಲಮುಗಳಿದ್ದರೆ ಈ ಗಣಕ ಎಲ್ಲಿಗೆ ಸೇರಬೇಕು? ಸೋಲಿನ ಕಲಮಿಗೆ ಸೇರಿಸಿದರೆ ಒಳ್ಳೆಯ ಗಣಕ ಗುಜರಿಗೆ ಹೋದೀತು. ಸೋತಿಲ್ಲವೆಂಬ ಕಾರಣಕ್ಕೆ ಗೆಲುವಿನ ಕಲಮಿಗೆ ಸೇರಿಸಿದರೆ, ಎಂದೂ ಪರೀಕ್ಷೆಗೆ ಒಳಗಾಗದ ಗಣಕದ ಮೇಲೆ 'ಪರೀಕ್ಷಿಸಲಾಗಿದೆ' ಎಂಬ ಚೀಟಿ ಅಂಟೀತು. ಎರಡನೆಯ ತಪ್ಪು ಹೆಚ್ಚು ಅಪಾಯಕರ. ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ.

ಸ್ಟ್ರೆಸ್-ಎನ್‌ಜಿ ತನ್ನ ಕೆಲಸ ಮುಗಿಸುವಾಗ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ. 0 ಎಂದರೆ ಎಲ್ಲವೂ ಸರಿ. 1 ಎಂದರೆ ಕೊಟ್ಟ ಆಯ್ಕೆಗಳಲ್ಲಿ ತಪ್ಪು, ಅಥವಾ ಉಪಕರಣದ ಚೌಕಟ್ಟಿಗೇ ಬೇಕಾದ ಸಂಪನ್ಮೂಲದ ಕೊರತೆ. 2 ಎಂದರೆ ಒಂದೋ ಹೆಚ್ಚೋ ಸ್ಟ್ರೆಸರ್‌ಗಳು ಸೋತಿವೆ. 3 ಎಂದರೆ ಸ್ಮೃತಿಯೋ ಡಿಸ್ಕಿನ ಜಾಗವೋ ಸಾಲದೆ ಆರಂಭವಾಗಲಿಲ್ಲ. 4 ಎಂದರೆ ಈ ಬಗೆಯ ಯಂತ್ರಕ್ಕೆ ಅಥವಾ ಕಾರ್ಯವ್ಯವಸ್ಥೆಗೆ ಆ ಪರೀಕ್ಷೆಯನ್ನು ರೂಪಿಸಿಲ್ಲ. ಇವನ್ನು ಕನ್ನಡಕ್ಕೆ ತರುವವರು ಎಲ್ಲಕ್ಕೂ 'ವಿಫಲ' ಎಂಬ ಒಂದೇ ಪದವನ್ನು ಹಾಕಿದರೆ ಮೂಲದಲ್ಲಿದ್ದ ವಿವೇಕ ಅನುವಾದದಲ್ಲಿ ನಾಶವಾಗುತ್ತದೆ. ಕನ್ನಡಕ್ಕೆ ಈ ಭೇದಗಳನ್ನು ಹೇಳುವ ಶಕ್ತಿ ಇದೆ: 2ಕ್ಕೆ 'ಪರೀಕ್ಷೆಯಲ್ಲಿ ದೋಷ ಕಂಡಿತು', 3ಕ್ಕೆ 'ಪರೀಕ್ಷೆ ಆರಂಭವಾಗಲಿಲ್ಲ', 4ಕ್ಕೆ 'ಈ ಯಂತ್ರದಲ್ಲಿ ಈ ಪರೀಕ್ಷೆ ನಡೆಯದು'. 'ಆಗಲಿಲ್ಲ' ಎಂಬುದು ಒಂದು ಸಂದರ್ಭಕ್ಕೆ ಸೀಮಿತವಾದ ನಿಷೇಧ. ಕಾರಣವನ್ನು ನಿವಾರಿಸಿ ಮತ್ತೆ ಯತ್ನಿಸಬಹುದು. 'ನಡೆಯದು' ಎಂಬುದು ಸ್ವಭಾವವನ್ನು ಹೇಳುವ ನಿಷೇಧ. ಮತ್ತೆ ಯತ್ನಿಸುವುದು ವ್ಯರ್ಥ.

ಇದೇ ತಂತ್ರಾಂಶದ ಇತ್ತೀಚಿನ ಆವೃತ್ತಿಗಳು ಕೊನೆಯಲ್ಲಿ ಕೊಡುವ ಸಾರಾಂಶದಲ್ಲಿ ಬಿಟ್ಟುಹೋದವು, ಗೆದ್ದವು, ಸೋತವು, ಅಳತೆಯನ್ನು ನಂಬಲಾಗದವು ಎಂಬ ನಾಲ್ಕು ಕಲಮುಗಳಿವೆ. ವರದಿ ಬರೆಯುವ ಯಾರಿಗಾದರೂ ಇದು ಮಾದರಿ. ಗೆಲುವಿನಲ್ಲಿಯೂ ಒಂದು ಸೂಕ್ಷ್ಮವಿದೆ. ವೆರಿಫೈ ಎಂಬ ಆಯ್ಕೆ ಇಲ್ಲದಿದ್ದರೆ ಅನೇಕ ಸ್ಟ್ರೆಸರ್‌ಗಳು ಫಲಿತಾಂಶವನ್ನು ತಾಳೆ ನೋಡುವುದಿಲ್ಲ. ಆ ಆಯ್ಕೆಯೂ ಎಲ್ಲ ಪರೀಕ್ಷೆಗಳಿಗೆ ಲಭ್ಯವಿಲ್ಲ. ತಾಳೆ ನೋಡದ ಗೆಲುವಿನ ಅರ್ಥ 'ಕೊನೆಯವರೆಗೆ ನಡೆಯಿತು' ಎಂಬಷ್ಟೇ. 'ಸರಿಯಾಗಿ ನಡೆಯಿತು' ಎಂಬುದು ಬೇರೆ ಮಾತು.

ಕನ್ನಡದಲ್ಲಿ ಟಿಪ್ಪಣಿ

ಜಾಬ್ ಕಡತದಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರುವುದೆಲ್ಲ ಟಿಪ್ಪಣಿ. ತಂತ್ರಾಂಶ ಅದನ್ನು ಓದುವುದಿಲ್ಲ, ಮನುಷ್ಯ ಓದುತ್ತಾನೆ. ಎದುರಿಗಿದ್ದವನ ನೆನಪಿಗೆ ಬರಹದಲ್ಲಿ ಸಿಗುವ ಸ್ಥಾನ ಇದು. 60 ಸೆಕೆಂಡು ಏಕೆ, ಸ್ಮೃತಿಪರೀಕ್ಷೆ ಮೊದಲು ಏಕೆ, ಡಿಸ್ಕಿನ ಸಾಲನ್ನು ತೆಗೆದುಹಾಕಿದ್ದು ಏಕೆ ಎಂಬ ಕಾರಣಗಳನ್ನು ಅಲ್ಲಿ ಬರೆಯಬೇಕು. ಆದೇಶದ ಪದ ರೋಮನ್ ಲಿಪಿಯಲ್ಲಿದ್ದರೂ ಕಾರಣದ ಭಾಷೆ ಓದುಗನದಾಗಿರಬಹುದು. ಗಡಿನಾಡಿನ ಶಾಲೆಗಳಲ್ಲಿ ಇಂದಿನ ಪ್ರಯೋಗಾಲಯ ಸಹಾಯಕ ಕನ್ನಡ ಓದುವವನಾಗಿದ್ದು, ನಾಳಿನವನು ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ತೆಲುಗನ್ನೋ ಓದುವವನಾಗಿರಬಹುದು. ಅಂಥಲ್ಲಿ ಎರಡು ಭಾಷೆಗಳ ಟಿಪ್ಪಣಿಗೂ ಕಡತದಲ್ಲಿ ಜಾಗವಿದೆ.

ಆದರೆ ಕನ್ನಡ ಬರಹ ಕಡತಕ್ಕೆ ಬಂದಾಗ ತಂತ್ರಾಂಶ ಬರೆಯುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಯುನಿಕೋಡಿನ ಕನ್ನಡ ವಿಭಾಗದ ಪ್ರತಿ ಸಂಕೇತ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟುಗಳನ್ನು ತೆಗೆದುಕೊಳ್ಳುತ್ತದೆ. 'ಸ್ಮೃತಿ' ಎಂಬುದು ಓದುವ ಕಣ್ಣಿಗೆ 2 ಅಕ್ಷರ, ಒಳಗೆ ಸ, ವಿರಾಮ, ಮ, ಋಕಾರದ ಗುರುತು, ತ, ಇಕಾರದ ಗುರುತು ಎಂದು 6 ಸಂಕೇತ, ಬೈಟುಗಳಲ್ಲಿ 18. ಸಾಲಿಗೆ 255 ಬೈಟುಗಳಷ್ಟೇ ಹಿಡಿಸುವ ಪೆಟ್ಟಿಗೆಯನ್ನು ಇಟ್ಟುಕೊಂಡ ಉಪಕರಣದಲ್ಲಿ 85 ಕನ್ನಡ ಸಂಕೇತಗಳು ಮಾತ್ರ ಹಿಡಿಸುತ್ತವೆ. ಅದಕ್ಕಿಂತ ಉದ್ದದ ಟಿಪ್ಪಣಿ ತುಂಡಾಗುತ್ತದೆ. ತುಂಡಾದ ಬಾಲದ ಮುಂದೆ ಹ್ಯಾಶ್ ಚಿಹ್ನೆ ಇರುವುದಿಲ್ಲವಾದ ಕಾರಣ, ಅಜಾಗರೂಕತೆಯಿಂದ ಬರೆದ ಉಪಕರಣ ಅದನ್ನು ಹೊಸ ಆದೇಶವೆಂದು ಓದೀತು. ಮಾಡಬೇಡವೆಂದು ವಿವರಿಸಿದ ಟಿಪ್ಪಣಿಯ ಬಾಲವೇ ಮಾಡೆಂಬ ಆದೇಶವಾಗುವ ಸಂಭವ ವಿರಳ, ಅಸಾಧ್ಯವಲ್ಲ.

ಅಂಕಿಗಳಲ್ಲಿಯೂ ಎಚ್ಚರ ಬೇಕು. ೬೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಸಿ ಭಾಷೆಯ ಸಾಮಾನ್ಯ ಅಂಕಿ-ಪರಿವರ್ತಕಗಳು ಅದನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ. ಪರಿವರ್ತನೆ ಆಯಿತೇ ಎಂದು ನೋಡದ ಉಪಕರಣದಲ್ಲಿ ಅದು 0 ಆಗುತ್ತದೆ. ಕಾಲಮಿತಿ 0 ಎಂಬುದಕ್ಕೆ ಸ್ಟ್ರೆಸ್-ಎನ್‌ಜಿಯಲ್ಲಿ 'ನಿಲ್ಲದೆ ನಡೆ' ಎಂಬ ಅರ್ಥವಿದೆ. ಅಂಥ ಅರ್ಥವಿರುವ ಉಪಕರಣದಲ್ಲಿ ಸಂಖ್ಯೆಯನ್ನು ಪರೀಕ್ಷಿಸದೆ ಸ್ವೀಕರಿಸಿದರೆ ಒಂದು ನಿಮಿಷದ ಪರೀಕ್ಷೆ ಕೊನೆಯಿಲ್ಲದ್ದಾದೀತು. ಕನ್ನಡ ಟೈಪಿಸುವಾಗ ಒತ್ತಕ್ಷರವಾಗುವುದನ್ನು ತಡೆಯಲು ಬಳಸುವ, ಕಣ್ಣಿಗೆ ಕಾಣದ ಸಂಕೇತವೂ ಆದೇಶದ ಪದದೊಳಗೆ ಸೇರಿಕೊಂಡರೆ ಆ ಪದ ಅಪರಿಚಿತವಾಗುತ್ತದೆ. ಇಂಥ ಸಂದರ್ಭದಲ್ಲಿ 'ಆದೇಶ ತಪ್ಪು' ಎಂದಷ್ಟೇ ಹೇಳುವ ಉಪಕರಣಕ್ಕಿಂತ 'ನಾಲ್ಕನೆಯ ಸಾಲಿನಲ್ಲಿ ಕಾಣದ ಸಂಕೇತವಿದೆ' ಎನ್ನುವ ಉಪಕರಣ ಮೇಲು.

ಉಪಸಂಹಾರ

ಬ್ಯಾಚ್ ಕಡತ ಯಂತ್ರಕ್ಕೆ ಬರೆದ ಕಾಗದ. ಬರೆದವನು ಓದುವ ಹೊತ್ತಿಗೆ ಎದುರಿಗಿರುವುದಿಲ್ಲ. ಅವನ ನೋಟಕ್ಕೆ ಬದಲಾಗಿ ಮುಂಚಿತ ಪರಿಶೀಲನೆ, ಅನುಮಾನಕ್ಕೆ ಬದಲಾಗಿ ಅಂಕಿತನಾಮ ಮತ್ತು ಸಮ್ಮತಿಯ ಸಾಲು, ನಿಲ್ಲಿಸುವ ಕೈಗೆ ಬದಲಾಗಿ ಪಕ್ಷಾರ್ಥದ ನಿರ್ಧಾರ, ನೆನಪಿಗೆ ಬದಲಾಗಿ ಟಿಪ್ಪಣಿ ಮತ್ತು ವರದಿ ನಿಲ್ಲಬೇಕು. ಇವುಗಳಲ್ಲಿ ಸಾಲು ಓದಿಸುವ ಭಾಗವನ್ನು ತಂತ್ರಜ್ಞರು ಒಂದು ಸಂಜೆಯಲ್ಲಿ ಬರೆದಾರು. ಉಳಿದುದಕ್ಕೆ ಭಾಷೆಯ ವಿವೇಕ ಬೇಕು. ತಂತ್ರಾಂಶಗಳ ಸಂದೇಶಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗುವ ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ತರಗತಿಯಲ್ಲಿ ಕಲಿತ ವಿಧಿ, ನಿಷೇಧ, ಸಂಭಾವನೆ, ಪಕ್ಷಾರ್ಥಗಳು ಪರೀಕ್ಷೆಯ ಅಂಕಗಳಾಚೆಗೂ ಉಪಯೋಗಕ್ಕೆ ಬರುತ್ತವೆ. ಆರಂಭವೇ ಆಗದ ಪರೀಕ್ಷೆಗೆ 'ಆರಂಭವಾಗಲಿಲ್ಲ' ಎಂದೇ ಬರೆಯುವುದು ಆ ಉಪಯೋಗದ ಮೊದಲ ಮೆಟ್ಟಿಲು.

ಅಭ್ಯಾಸ

1. ಓದುವ ಹಂತವನ್ನೂ ನಡೆಸುವ ಹಂತವನ್ನೂ ಏಕೆ ಬೇರ್ಪಡಿಸಬೇಕು? ಕನ್ನಡ ವಾಕ್ಯರಚನೆಯ ಹಿನ್ನೆಲೆಯಲ್ಲಿ ವಿವರಿಸಿ.
2. 'ಪರೀಕ್ಷಿಸಿ', 'ಪರೀಕ್ಷಿಸುತ್ತ', 'ಪರೀಕ್ಷಿಸದೆ' ಈ ಮೂರು ರೂಪಗಳನ್ನು ಬಳಸಿ ಮೂರು ಆದೇಶವಾಕ್ಯಗಳನ್ನು ರಚಿಸಿ. ಯಂತ್ರ ಪ್ರತಿಯೊಂದನ್ನೂ ಹೇಗೆ ನಡೆಸಬೇಕೆಂದು ತಿಳಿಸಿ.
3. ಎಸ್‌ಡಿಎ ಎಂಬ ಹೆಸರನ್ನು ನಿರ್ದೇಶಾತ್ಮಕ ಸರ್ವನಾಮಕ್ಕೆ ಹೋಲಿಸಿರುವುದರ ಔಚಿತ್ಯವನ್ನು ಚರ್ಚಿಸಿ.
4. 'ಆಗಲಿಲ್ಲ', 'ಆಗಿಲ್ಲ', 'ಆಗದು' ಇವುಗಳ ಅರ್ಥಭೇದವನ್ನು ಗುರುತಿಸಿ, ಪ್ರತಿಯೊಂದಕ್ಕೂ ಯಂತ್ರಪರೀಕ್ಷೆಯ ವರದಿಯಿಂದ ಒಂದು ಸಂದರ್ಭವನ್ನು ಕಲ್ಪಿಸಿ.
5. ಕಾಲೇಜಿನ ಗಣಕ ಪ್ರಯೋಗಾಲಯಕ್ಕಾಗಿ ಐದು ಸಾಲಿನ ಜಾಬ್ ಕಡತವೊಂದನ್ನು ಯೋಜಿಸಿ, ಪ್ರತಿ ಸಾಲಿಗೂ ಕಾರಣ ತಿಳಿಸುವ ಕನ್ನಡ ಟಿಪ್ಪಣಿಯನ್ನು ಬರೆಯಿರಿ.